ಮೀನುಗಾರರ ಊರುಗಳಲ್ಲಿ ಮಹಿಳಾ ಸಂಘಗಳು ಸಾಲ ಕೊಡುವುದು ಬಿಟ್ಟು ಬೇರೆ ಏನಾದರೂ ಮಾಡಿವೆಯಾ?

ನೀವು ಸಮಾಜಕಾರ್ಯ ಓದುತ್ತಿದ್ದೀರಿ, ಕರಾವಳಿಯ ಒಂದು ಹಳ್ಳಿಯಲ್ಲಿ ಸ್ವಸಹಾಯ ಸಂಘಗಳನ್ನು ನೋಡಿ ಬಂದಿದ್ದೀರಿ. ವಾರದ ಸಭೆ, ಉಳಿತಾಯ, ಸಾಲ ಬಿಟ್ಟು ಬೇರೇನೂ ಕಾಣಲಿಲ್ಲ, ಈ ಹೆಂಗಸರು ಒಟ್ಟಾಗಿ ನಿಜವಾಗಿ ಏನಾದರೂ ಬದಲಾಯಿಸಿದ್ದಾರಾ ಎಂದು ಕೇಳಿದ್ದೀರಿ.

ನಾನು ಕುಂದಾಪುರದ ಕಡೆಯವನು. ಅಮ್ಮ ಮೂವತ್ತು ವರ್ಷ ಬುಟ್ಟಿ ಹೊತ್ತು ಮೀನು ಮಾರಿದವಳು. ನಾನು ಕಂಡ ಹಾಗೆ, ಬದಲಾಯಿಸಿದ್ದಾರೆ. ಆದರೆ ಅದು ಸಂಘದ ಪುಸ್ತಕದಲ್ಲಿ ಸಿಗುವುದಿಲ್ಲ. ಬೆಳಿಗ್ಗೆ ಬಂದರಿನ ಏಲಂ ನಡೆಯುವ ಹೊತ್ತಿಗೆ ಹೋಗಿ ನಿಂತರೆ ಸಿಗುತ್ತದೆ.

ಏಲಂ ಅಂದರೆ ಹೀಗೆ. ದೋಣಿ ಬರುತ್ತದೆ, ಬಂಗುಡೆಯೋ ಬೂತಾಯಿಯೋ ರಾಶಿ ಬೀಳುತ್ತದೆ, ಕೂಗುವವನು ಕೂಗುತ್ತಾನೆ. ಒಂದು ರಾಶಿಗೆ ಬೇಕಾದ ದುಡ್ಡು ಒಬ್ಬಳು ಬುಟ್ಟಿಯವಳ ಸೆರಗಿನಲ್ಲಿ ಇರುವುದಿಲ್ಲ. ಲಾರಿಯವರ ಹತ್ತಿರ ಇರುತ್ತದೆ. ಅಮ್ಮ ಮತ್ತು ಅವಳ ಜೊತೆಯ ಮೂವರು ಸೇರಿ ಒಂದೇ ರಾಶಿಗೆ ಕೂಗುತ್ತಿದ್ದರು. ಒಬ್ಬಳೇ ಬಾಯಿ ಬಿಡಬೇಕು, ಉಳಿದ ಮೂವರು ಸುಮ್ನೆ ನಿಲ್ಲಬೇಕು. ತೆಗೆದ ಮೇಲೆ ಅಲ್ಲೇ ನೆಲದ ಮೇಲೆ ನಾಲ್ಕು ಪಾಲು. ದೊಡ್ಡ ಮೀನು, ಸಣ್ಣ ಮೀನು ಎಲ್ಲ ಎಣಿಸಿ ಎಣಿಸಿ ಹಾಕುವುದು. ಎಷ್ಟು ಜಗಳ ಆಗುತ್ತಿತ್ತು ಅಂತ ಕೇಳಬೇಡಿ! ಆದರೂ ಮರುದಿನ ಅದೇ ನಾಲ್ವರು. ನಾನು ಚಿಕ್ಕವನಿದ್ದಾಗ ಯಾಕೆ ಹೀಗೆ ಅಂತ ಕೇಳಿದ್ದೆ. "ಒಬ್ಳೇ ಹೋರೆ ಯಾರ್ ಕೇಂತ್ರ್?" ಅಂದಿದ್ದಳು, ಒಬ್ಬಳೇ ಹೋದರೆ ಯಾರು ಕೇಳುತ್ತಾರೆ ಅಂತ.

ಇದಕ್ಕೆ ಯಾವ ನೋಂದಣಿಯೂ ಇರಲಿಲ್ಲ, ಹೆಸರೂ ಇರಲಿಲ್ಲ. ಒಬ್ಬರ ಮೇಲೊಬ್ಬರು ರೇಟು ಏರಿಸುವುದಿಲ್ಲ ಎಂಬ ಒಂದು ಒಪ್ಪಂದ, ಅಷ್ಟೇ. ಮೀನು ಮಾರುವ ಹೆಂಗಸರು ದಿನಾ ಬೆಳಿಗ್ಗೆ ಒಬ್ಬರಿಗೊಬ್ಬರು ಎದುರಾಳಿಗಳು. ಅವರೇ ಕೂತು ಈ ಮಾತಿಗೆ ಬಂದಿದ್ದು ಸಣ್ಣ ವಿಷಯವಲ್ಲ ಅಲ್ವಾ?

ಹಿಂದೆ ಇದರ ಅಗತ್ಯ ಇಷ್ಟಿರಲಿಲ್ಲ. ರಂಪಣಿ ಬಲೆಯ ಕಾಲದಲ್ಲಿ ಊರಿನ ಗಂಡಸರೆಲ್ಲ ಸೇರಿ ದಡಕ್ಕೆ ಬಲೆ ಎಳೆಯುತ್ತಿದ್ದರು, ಮೀನು ನಮ್ಮ ಹೊಯಿಗೆಯಲ್ಲೇ, ಅಂದರೆ ಮರಳಿನ ಮೇಲೇ, ಬೀಳುತ್ತಿತ್ತು. 1970ರ ದಶಕದ ನಡುವಿನಿಂದ ಪರ್ಸೀನ್ ಬೋಟುಗಳು, ಅಂದರೆ ಮೀನಿನ ಹಿಂಡನ್ನೇ ದೊಡ್ಡ ಬಲೆಯಿಂದ ಸುತ್ತುವರಿದು ಹಿಡಿಯುವ ಯಾಂತ್ರಿಕ ಬೋಟುಗಳು, ಬಂದವು, ರಂಪಣಿ ಮೂಲೆಗೆ ಬಿತ್ತು. ಮೀನೆಲ್ಲ ಮಲ್ಪೆ, ಗಂಗೊಳ್ಳಿಯಂಥ ಬಂದರುಗಳಿಗೆ ಹೋಯಿತು. ಹೆಂಗಸರು ಮೀನಿನ ಹಿಂದೆ ಹೋಗಬೇಕಾಯಿತು. ಕೈಯಲ್ಲಿ ಬಂಡವಾಳ ಬೇಕಾಯಿತು, ಹೋಗಿ ಬರಲು ವಾಹನ ಬೇಕಾಯಿತು. ಒಗ್ಗಟ್ಟು ಹುಟ್ಟಿದ್ದು ಈ ಎರಡು ಕಷ್ಟಗಳಿಂದ.

ಬಂಡವಾಳದ ಕಷ್ಟಕ್ಕೆ ಸಂಘಗಳು ನಿಜಕ್ಕೂ ಆಗಿಬಂದವು, ಅದನ್ನು ಕೀಳಾಗಿ ನೋಡಬೇಡಿ. ಬೆಳಿಗ್ಗೆ ಸಾವಿರ ತೆಗೆದುಕೊಂಡು ಸಂಜೆ ಬಡ್ಡಿ ಸೇರಿಸಿ ಕೊಡುವ ಲೆಕ್ಕದಲ್ಲಿ ಅಮ್ಮ ವರ್ಷಗಟ್ಟಲೆ ಬದುಕಿದ್ದಳು. ಸಂಘದ ಸಾಲ ಬಂದ ಮೇಲೆ ಅದು ನಿಂತಿತು. ಮೀನುಗಾರ ಮಹಿಳೆಯರಿಗೆ ಕೊಡುವ ಬಡ್ಡಿಯಿಲ್ಲದ ಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023ರ ಬಜೆಟ್ಟಿನಲ್ಲಿ 50 ಸಾವಿರದಿಂದ 3 ಲಕ್ಷಕ್ಕೆ ಏರಿಸುವುದಾಗಿ ಹೇಳಿತು. ಒಳ್ಳೆಯದೇ. ಆದರೆ ದುಡ್ಡು ಮಾತ್ರ ಸಿಕ್ಕರೆ ಪ್ರತಿಯೊಬ್ಬಳೂ ಒಬ್ಬಂಟಿ ವ್ಯಾಪಾರಿಯೇ.

ವಾಹನದ ಕಷ್ಟ ಬೇರೆ. ಬುಟ್ಟಿ ನೋಡಿದ ಕೂಡಲೇ ಕಂಡಕ್ಟರ್ ಮೂಗು ಮುಚ್ಚುತ್ತಿದ್ದ, ಕೆಲವು ಬಸ್ಸು ನಿಲ್ಲಿಸುತ್ತಲೇ ಇರಲಿಲ್ಲ. ಈಗ ಶಕ್ತಿ ಯೋಜನೆ ಇದೆ, ಆದರೆ ಅದು ಸರ್ಕಾರಿ ಬಸ್ಸಿಗೆ. ನಮ್ಮ ಜಿಲ್ಲೆಯಲ್ಲಿ ಓಡುವುದು ಹೆಚ್ಚಿನಂಶ ಖಾಸಗಿ ಬಸ್ಸು. ನಮ್ಮೂರಿನ ಹೆಂಗಸರು ಕೊನೆಗೆ ಒಂದು ಟೆಂಪೋ ಗೊತ್ತು ಮಾಡಿದರು. ತಲೆಗಿಷ್ಟು, ಬುಟ್ಟಿಗಿಷ್ಟು. ಮುಂದಿನ ಸೀಟು ವಯಸ್ಸಾದವರಿಗೆ. ಕೇರಳದವರು ಇದನ್ನೇ ಬೀದಿಗೆ ತಂದರು. ಬುಟ್ಟಿ ಹಿಡಿದು ಬಸ್ಸಿನಲ್ಲಿ ಹೋಗುವ ಹಕ್ಕಿಗಾಗಿ ತಿರುವನಂತಪುರದ ಕಡೆಯ ಮೀನುಗಾರ ಹೆಂಗಸರು ದಶಕಗಳ ಹಿಂದೆಯೇ ಹೋರಾಡಿದ್ದರು. 2021ರಲ್ಲಿ ಅಲ್ಲಿನ ಸರ್ಕಾರ ಮೀನು ಮಾರುವವರಿಗೆಂದೇ 'ಸಮುದ್ರ' ಎಂಬ ಉಚಿತ ಬಸ್ಸು ಬಿಟ್ಟಿತು. ನಮ್ಮವರು ಟೆಂಪೋ ಬಾಡಿಗೆ ಕೊಟ್ಟು ಸುಮ್ಮನಾದರು. ಇದು ನನಗೆ ಈಗಲೂ ಬೇಸರ.

ಆದರೆ ನಮ್ಮವರಿಗೆ ಬೀದಿಗಿಳಿಯಲು ಬರುವುದಿಲ್ಲ ಎಂದುಕೊಳ್ಳಬೇಡಿ. ಕಾಲ ಕೆಳಗಿನ ಜಾಗಕ್ಕೇ ಕೈ ಹಾಕಿದಾಗ ಇಳಿದಿದ್ದಾರೆ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಹೆಂಗಸರು ಹೊಯಿಗೆಯ ಮೇಲೆ ಮೀನು ಒಣಗಿಸುತ್ತಾರೆ. ಒಣಮೀನಿಗೆ ಬೇಕಾದದ್ದು ಮೂರೇ: ಬಿಸಿಲು, ಉಪ್ಪು, ಜಾಗ. ಜಾಗಕ್ಕೆ ಅವರ ಹತ್ತಿರ ಪಟ್ಟಾ ಇಲ್ಲ, ರೂಢಿ ಮಾತ್ರ ಇದೆ. ಅಲ್ಲಿ ಖಾಸಗಿ ಬಂದರು ಬರುತ್ತದೆ ಎಂದಾಗ ಮುಂದೆ ನಿಂತವರಲ್ಲಿ ಅವರೂ ಇದ್ದರು. 2020ರ ಜನವರಿಯಲ್ಲಿ ಕಾರವಾರ ಬಂದರಿನ ವಿಸ್ತರಣೆಯ ವಿರುದ್ಧದ ಹೋರಾಟದಲ್ಲೂ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಬಂದಿದ್ದರು. ಅವರನ್ನು ಒಟ್ಟಿಗೆ ತಂದದ್ದು ಸಾಲದ ಕಂತಲ್ಲ, ಅಕ್ಕಪಕ್ಕ ಕೂತು ಮೀನು ತಿರುವಿ ಹಾಕಿದ ಪರಿಚಯ.

ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ ಕತೆ ತಮಿಳುನಾಡಿನದು. ಪಾಂಬನ್ ದ್ವೀಪದ ಚಿನ್ನಪಾಳಂನ ಹೆಂಗಸರು ಸಮುದ್ರದಲ್ಲಿ ಮುಳುಗಿ ಕಡಲಪಾಚಿ ಕೀಳುತ್ತಾರೆ. ಅವರು ಕೀಳುತ್ತಿದ್ದ ದ್ವೀಪಗಳು ಮನ್ನಾರ್ ಕೊಲ್ಲಿಯ ರಾಷ್ಟ್ರೀಯ ಉದ್ಯಾನದ ಒಳಗೆ ಸೇರಿಹೋದವು. ಅರಣ್ಯ ಇಲಾಖೆಯ ಜೊತೆ ಜಟಾಪಟಿ ಶುರುವಾಯಿತು. ಅವರು ಹಕ್ಕು ಕೇಳಿದರು, ಜೊತೆಗೇ ತಮಗೆ ತಾವೇ ಕಟ್ಟು ಹಾಕಿಕೊಂಡರು. ತಿಂಗಳಲ್ಲಿ 12 ದಿನ ಮಾತ್ರ ಕೀಳುವುದು, ಹವಳಕ್ಕೆ ಪೆಟ್ಟಾಗುವ ಕಬ್ಬಿಣದ ಸಾಮಾನು ಬಳಸದೆ ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೈಯಲ್ಲೇ ಕೀಳುವುದು. ಅವರ ಮುಂದಾಳು ಲಕ್ಷ್ಮಿ ಎಂಬವರಿಗೆ 2015ರಲ್ಲಿ ಸೀಕಾಲಜಿ ಪ್ರಶಸ್ತಿ ಬಂತು, ಅದು ದ್ವೀಪಗಳ ಪರಿಸರ ಕಾಯುವವರಿಗೆ ಕೊಡುವ ಪ್ರಶಸ್ತಿ. ತಿಂಗಳಲ್ಲಿ ಹದಿನೆಂಟು ದಿನದ ದುಡಿಮೆ ಬಿಡಲು ಎಲ್ಲರೂ ಒಪ್ಪಬೇಕು. ಒಬ್ಬಳು ಕದ್ದು ಇಳಿದರೂ ಮುಗಿಯಿತು. ನಮ್ಮ ಏಲಂನ ಒಪ್ಪಂದವೂ ಅದೇ ಜಾತಿಯದು.

ಇನ್ನು, ಸಂಘದ ಒಳಗೆ ಯಾರಿಲ್ಲ ಎಂಬುದನ್ನು ನೋಡಿ. ಬಂದರಿನಲ್ಲಿ ಕೂಲಿಗೆ ಮೀನು ಹೊರುವವಳು, ಸಿಗಡಿ ಸುಲಿಯುವವಳು, ಹೊರ ಜಿಲ್ಲೆಯಿಂದ ಬಂದವಳು ಅಲ್ಲಿ ಸಿಗುವುದು ಕಡಿಮೆ. ವಾರಕ್ಕೆ ಕಟ್ಟಲಾಗದವಳು ಮೊದಲು ಹೊರಗೆ ಬೀಳುತ್ತಾಳೆ. ಒಂದೊಂದು ಸಂಘ ಒಂದೇ ಜಾತಿಯ, ಒಂದೇ ಕೇರಿಯ ಸಂಘವಾಗಿರುವುದೂ ಉಂಟು. ಅಮ್ಮನ ನಾಲ್ವರ ಗುಂಪಿನಲ್ಲೂ ಐದನೆಯವಳಿಗೆ ಜಾಗ ಇರಲಿಲ್ಲ. ಅವಳ ಹತ್ತಿರ ಪಾಲಿನ ದುಡ್ಡು ಯಾವತ್ತೂ ಪೂರ್ತಿ ಇರುತ್ತಿರಲಿಲ್ಲ.

ಮತ್ತೆ ಹೋಗುವುದಾದರೆ ಆಗಸ್ಟ್ ಮೇಲೆ ಹೋಗಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ, ಬಂದರು ಖಾಲಿ ಹೊಡೆಯುತ್ತದೆ. ಬೆಳಕು ಹರಿಯುವ ಮೊದಲೇ ಅಲ್ಲಿರಿ, ರಬ್ಬರ್ ಚಪ್ಪಲಿ ಹಾಕಿಕೊಳ್ಳಿ. ಏಲಂ ನಡೆಯುವಾಗ ಯಾರನ್ನೂ ಮಾತಾಡಿಸಬೇಡಿ, ಬೈಸಿಕೊಳ್ಳುತ್ತೀರಿ. ಪಾಲು ಹಾಕಿ, ಬುಟ್ಟಿ ಟೆಂಪೋಗೆ ಏರಿಸಿ, ಚಾ ಕುಡಿಯಲು ನಿಲ್ಲುತ್ತಾರಲ್ಲ, ಆಗ ಕೇಳಿ.