ಕೊಡಗಿನ ಜಲಪಾತ, ಬೈಲಕುಪ್ಪೆಯ ಗೋಲ್ಡನ್ ಟೆಂಪಲ್, ಪಂದಿಕರಿ, ಮೊಮೊ: 20 ಜನ ಎರಡು ದಿನದಲ್ಲಿ ಹೇಗೆ ಮುಗಿಸುವುದು?

ಅಬ್ಬಿ, ಮಲ್ಲಳ್ಳಿ, ಇರ್ಪು ಜಲಪಾತಗಳು, ತಲಕಾವೇರಿ, ಕೊನೆಗೆ ವಾಪಸ್ ಬರುವಾಗ ಬೈಲಕುಪ್ಪೆ: ಶನಿವಾರ, ಭಾನುವಾರ ಎರಡೇ ದಿನದಲ್ಲಿ ಇವನ್ನು ಯಾವ ಕ್ರಮದಲ್ಲಿ ನೋಡಬೇಕು, ಯಾವ ಗಾಡಿ ಮಾಡಬೇಕು ಅಂತ ಬರೆದು ಕೇಳಿದ್ದೀರಿ. ಬೆಂಗಳೂರಿನಿಂದ 20 ಜನ, ಅದರಲ್ಲಿ ಮಕ್ಕಳೂ ಇದ್ದಾರೆ, 60 ದಾಟಿದವರೂ ಇದ್ದಾರೆ. ಈ ಪಟ್ಟಿ ನನಗೆ ಚೆನ್ನಾಗಿ ಗೊತ್ತು, ನಮ್ಮ ಗುಂಪು ಹೊರಟಾಗ ಕೈಯಲ್ಲಿದ್ದದ್ದೂ ಹೆಚ್ಚುಕಡಿಮೆ ಇದೇ. 33 ಸೀಟಿನ ಬಸ್ಸೋ ಎರಡು ಟಿಟಿಯೋ (ಟೆಂಪೊ ಟ್ರಾವೆಲರ್) ಎಂಬ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು 'ವಾಪಸ್ ಬರುವಾಗ ಬೈಲಕುಪ್ಪೆ' ಅಂತ ಬರೆದಿದ್ದೀರಲ್ಲ, ಅದನ್ನು ಹೊಡೆದುಹಾಕಿ. ಇಡೀ ಪ್ರವಾಸ ಕೆಡುವುದು ಅಲ್ಲೇ.

ನಕ್ಷೆ ನೋಡಿದವರಿಗೆಲ್ಲ ಹೊಳೆಯುವ ಲೆಕ್ಕ ಒಂದೇ. ಮಡಿಕೇರಿಯಿಂದ ಕುಶಾಲನಗರಕ್ಕೆ ಸುಮಾರು 30 ಕಿ.ಮೀ. ಕಾವೇರಿ ಸೇತುವೆ ದಾಟಿದರೆ ಮೈಸೂರು ಜಿಲ್ಲೆಯ ಕೊಪ್ಪ, ಅಲ್ಲಿಂದ ಬಲಕ್ಕೆ ಕೆಲವೇ ಕಿ.ಮೀ. ಹೋದರೆ ಬೈಲಕುಪ್ಪೆಯ ಟಿಬೆಟನ್ ವಸತಿ, ಅದರಲ್ಲಿ ಗೋಲ್ಡನ್ ಟೆಂಪಲ್ ಇರುವ ನಾಮ್‌ಡ್ರೋಲಿಂಗ್ ಮಠ. ಹೇಗಿದ್ದರೂ ದಾರಿಯಲ್ಲೇ ಇದೆ, ಒಂದು ಗಂಟೆ ನಿಂತು ಹೋದರಾಯಿತು ಅನ್ನಿಸುತ್ತದೆ. ಮಡಿಕೇರಿಯ ಹೋಂಸ್ಟೇಗಳಿಂದ ಭಾನುವಾರ ಹೊರಟ ಪ್ರತಿ ವಾಹನದಲ್ಲೂ ಇದೇ ಲೆಕ್ಕ ಇರುತ್ತದೆ. ಎಲ್ಲರೂ ಬೆಳಗ್ಗೆ ತಿಂಡಿ ತಿಂದು, ಅಬ್ಬಿ ನೋಡಿ, ರಾಜಾಸೀಟ್ ನೋಡಿ, ಊಟ ಮುಗಿಸಿ ಇಳಿಯುತ್ತಾರೆ. ಮಠದ ಪಾರ್ಕಿಂಗ್‌ಗೆ ಬಂದು ಸೇರುವುದು ಮಧ್ಯಾಹ್ನ 2ರಿಂದ 4ರ ನಡುವೆ. ಗಾಡಿ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಮಕ್ಕಳು ನಿದ್ದೆಗಣ್ಣಲ್ಲಿರುತ್ತವೆ, ಹಿರಿಯರು 'ನಾವು ಗಾಡಿಯಲ್ಲೇ ಇರ್ತೀವಿ' ಅನ್ನುತ್ತಾರೆ. ಪ್ರಾರ್ಥನಾ ಮಂದಿರದೊಳಗೆ ಭಿಕ್ಷುಗಳು ಇರುವುದಿಲ್ಲ, ಸೆಲ್ಫಿ ತೆಗೆಯುವವರು ತುಂಬಿರುತ್ತಾರೆ. ಮೊಮೊ ಅಂಗಡಿಯಲ್ಲಿ 20 ಜನಕ್ಕೆ ಒಟ್ಟಿಗೆ ಜಾಗ ಸಿಗುವುದಿಲ್ಲ. ಅಲ್ಲಿಂದ 5ಕ್ಕೆ ಹೊರಟರೆ ಬೆಂಗಳೂರು ಇನ್ನೂ 220 ಕಿ.ಮೀ. ದೂರ. ಪಿರಿಯಾಪಟ್ಟಣ, ಹುಣಸೂರು ದಾಟುವಷ್ಟರಲ್ಲಿ ಕತ್ತಲು. ಎಕ್ಸ್‌ಪ್ರೆಸ್‌ವೇಯಲ್ಲಿ ಉಳಿಸಿದ ಸಮಯವೆಲ್ಲ ಕೆಂಗೇರಿಯಿಂದ ಒಳಗೆ ಭಾನುವಾರ ರಾತ್ರಿಯ ದಟ್ಟಣೆಯಲ್ಲಿ ಹೋಗುತ್ತದೆ. ನಮಗೆ ದುಬಾರಿಯಾದದ್ದು ಇದೊಂದೇ ತೀರ್ಮಾನ. ಇಷ್ಟು ಉದ್ದ ಹೇಳುತ್ತಿರುವುದು ಏಕೆಂದರೆ ಇದು ತಪ್ಪು ಅಂತ ಹೊರಡುವವರೆಗೂ ಅನ್ನಿಸುವುದೇ ಇಲ್ಲ, ಕಿ.ಮೀ. ಉಳಿಸುವ ಜಾಣತನದ ಹಾಗೇ ಕಾಣುತ್ತದೆ.

ಸರಿಪಡಿಸುವ ದಾರಿ ಸುಲಭ. ಮಡಿಕೇರಿಯಲ್ಲಿ ಉಳಿಯಬೇಡಿ, ಕುಶಾಲನಗರದಲ್ಲಿ ಉಳಿಯಿರಿ. ಶನಿವಾರ ಬೆಟ್ಟದ ಕಡೆ ಹೋಗಿ ಬಂದುಬಿಡಿ. ಭಾನುವಾರ ಬೆಳಗ್ಗೆ 9ಕ್ಕೆಲ್ಲ ಮಠದ ಗೇಟಿನ ಮುಂದಿರಿ, 11.30ಕ್ಕೆ ಟಿಬೆಟನ್ ಊಟ, 1 ಗಂಟೆಯೊಳಗೆ ಬೆಂಗಳೂರಿನ ದಾರಿ. ಬೇರೆಯವರು ಮಡಿಕೇರಿಯಿಂದ ಇಳಿಯುವ ಹೊತ್ತಿಗೆ ನೀವು ಮೈಸೂರಿನ ಹತ್ತಿರ ಇರುತ್ತೀರಿ. ಮಡಿಕೇರಿಯ ಮಂಜು ನೋಡದೆ ಬಂದ ಹಾಗಾಗುತ್ತದೆ ಅಂತ ಕೆಲವರು ಗೊಣಗುತ್ತಾರೆ, ಗೊಣಗಲಿ.

ಇನ್ನು ಮೂರು ಜಲಪಾತದ ವಿಷಯ. ಮೂರನ್ನು ಯಾವ ಕ್ರಮದಲ್ಲಿ ನೋಡಬೇಕು ಅಂತ ಕೇಳಿದ್ದೀರಿ. ಕ್ರಮ ಯಾವುದೂ ಇಲ್ಲ, ಒಂದನ್ನು ಆರಿಸಿ. ಮಲ್ಲಳ್ಳಿ ಇರುವುದು ಉತ್ತರದ ತುದಿಯಲ್ಲಿ, ಸೋಮವಾರಪೇಟೆಯಿಂದ ಸುಮಾರು 25 ಕಿ.ಮೀ., ಪುಷ್ಪಗಿರಿಯ ಬುಡದಲ್ಲಿ ಕುಮಾರಧಾರಾ ಧುಮುಕುವ ಜಾಗ. ಇರ್ಪು ಇರುವುದು ದಕ್ಷಿಣದ ತುದಿಯಲ್ಲಿ, ಬ್ರಹ್ಮಗಿರಿಯ ಅಂಚಿನಲ್ಲಿ, ಲಕ್ಷ್ಮಣತೀರ್ಥ ನದಿಯದು. ತಲಕಾವೇರಿ ಇನ್ನೊಂದು ದಿಕ್ಕು. ಘಟ್ಟದ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ಸಿಕ್ಕರೆ ಪುಣ್ಯ. ಒಂದೇ ದಿನ ಎರಡು ತುದಿ ಮುಟ್ಟಲು ಹೊರಟವರು ದಿನವಿಡೀ ಕಿಟಕಿಯಿಂದ ಕಾಫಿ ತೋಟ ನೋಡುತ್ತಾರೆ, ಅಷ್ಟೆ.

ಹಿರಿಯರು ಹೆಚ್ಚಿದ್ದರೆ ಅಬ್ಬಿ. ಮಡಿಕೇರಿಯಿಂದ 8 ಕಿ.ಮೀ. ಒಳಗೇ ಇದೆ, ಕಾಫಿ ತೋಟದ ನಡುವೆ ಮೆಟ್ಟಿಲಿಳಿದರೆ ಎದುರಿಗೇ ಜಲಪಾತ. ನೀರಿಗಿಳಿಯುವಂತಿಲ್ಲ, ನೋಡಿ ಬರಬೇಕು. ಮಂಡಿ ನೋವಿದ್ದವರನ್ನು ಹತ್ತಿ ಬರುವಾಗ ಎರಡು ಕಡೆ ಕೂರಿಸಿ ಕರೆತನ್ನಿ. ಗಟ್ಟಿ ಕಾಲಿನವರೇ ಹೆಚ್ಚಿದ್ದರೆ ಮಲ್ಲಳ್ಳಿ, ನನ್ನ ಆಯ್ಕೆಯೂ ಅದೇ. ನೂರಾರು ಮೆಟ್ಟಿಲಿವೆ, ಇಳಿಯುವುದಕ್ಕಿಂತ ಹತ್ತುವುದಕ್ಕೆ ಎರಡು ಪಟ್ಟು ಸಮಯ ಇಡಿ. ಮೇಲಿನಿಂದಲೇ ಇಡೀ ಜಲಪಾತ ಕಾಣುವುದರಿಂದ ಇಳಿಯಲಾಗದವರಿಗೂ ಮೋಸವಿಲ್ಲ. ಜುಲೈ, ಆಗಸ್ಟ್‌ನಲ್ಲಿ ಹೋದರೆ ಮಂಜು ಮುಸುಕಿ ಸದ್ದು ಮಾತ್ರ ಕೇಳುವ ದಿನಗಳೂ ಇರುತ್ತವೆ. ಮಳೆ ಜೋರಾದರೆ ಗುಡ್ಡ ಜರಿಯುವ ಭಯವೂ ಇದೆ, 2018ರ ಆಗಸ್ಟ್‌ನಲ್ಲಿ ಆದದ್ದು ಕೊಡಗಿನವರು ಯಾರೂ ಮರೆತಿಲ್ಲ. ಅಕ್ಟೋಬರ್, ನವೆಂಬರ್ ಒಳ್ಳೆಯದು: ನೀರೂ ಇರುತ್ತದೆ, ದಾರಿಯೂ ಕಾಣುತ್ತದೆ. ಮಾರ್ಚ್‌ಗೆ ಅಬ್ಬಿ ಸೊರಗಿರುತ್ತದೆ.

ನೀರಿನ ಹತ್ತಿರ ಹೋಗುವ ಗುಂಪಿಗೆ ಇಷ್ಟು ಹೇಳಿಯೇ ಕಳಿಸಿ. ಹವಾಯಿ ಚಪ್ಪಲಿ ಬೇಡ, ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಬೇಕು. ಹನಿ ಸಿಡಿಯುವಷ್ಟು ದೂರದ ಬಂಡೆಯೆಲ್ಲ ಪಾಚಿಯೇ, ಒಣಗಿದ ಹಾಗೆ ಕಂಡರೂ ಜಾರುತ್ತದೆ. ನಿಮ್ಮ ತಲೆ ಮೇಲೆ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಮಳೆ ಬಂದಿರಬಹುದು. ತಿಳಿ ನೀರು ಕೆಂಪಗಾಗತೊಡಗಿದರೆ, ತರಗೆಲೆ, ಕಡ್ಡಿ ತೇಲಿ ಬರತೊಡಗಿದರೆ ಫೋಟೊ ಬಿಟ್ಟು ತಕ್ಷಣ ಮೇಲೆ ಬನ್ನಿ, ನೀರು ಏರುವುದಕ್ಕೆ ಬಹಳ ಹೊತ್ತು ಬೇಕಾಗುವುದಿಲ್ಲ. ಮಳೆಗಾಲವಾದರೆ ಇಂಬಳ ಹತ್ತೇ ಹತ್ತುತ್ತದೆ. ಕಿತ್ತೆಳೆಯಬೇಡಿ, ಉಪ್ಪು ಅಥವಾ ಹೊಗೆಸೊಪ್ಪಿನ ನೀರು ಮುಟ್ಟಿಸಿದರೆ ತಾನೇ ಬಿಡುತ್ತದೆ. ಆಮೇಲೆ ಸ್ವಲ್ಪ ಹೊತ್ತು ರಕ್ತ ಒಸರುತ್ತದೆ, ಮಕ್ಕಳಿಗೆ ಮೊದಲೇ ಹೇಳಿಟ್ಟರೆ ಗಾಬರಿಯಾಗುವುದಿಲ್ಲ.

ಬಸ್ ಬೇಡ, ಎರಡು ಟಿಟಿ ಮಾಡಿ. ಮಲ್ಲಳ್ಳಿಯ ಕೊನೆಯ ಭಾಗದಲ್ಲೂ ಅಬ್ಬಿಯ ಪಾರ್ಕಿಂಗ್‌ನಲ್ಲೂ ಉದ್ದದ ಬಸ್ ತಿರುಗಿಸುವುದು ಕಷ್ಟ, ಎದುರು ಗಾಡಿ ಬಂದರೆ ಹಿಂದಕ್ಕೆ ಹೋಗಲು ಜಾಗವಿಲ್ಲ. ಎರಡು ಗಾಡಿ ಇದ್ದರೆ ಮಲ್ಲಳ್ಳಿಗೆ ಬರಲಾರದವರು ಇನ್ನೊಂದರಲ್ಲಿ ಕುಶಾಲನಗರದ ಪಕ್ಕದ ನಿಸರ್ಗಧಾಮಕ್ಕೆ ಹೋಗಬಹುದು. ಬಾಡಿಗೆ ಮಾತಾಡುವಾಗ ಮೂರು ವಿಷಯ ಬಾಯಿಬಿಟ್ಟು ಕೇಳಿ. ದಿನಕ್ಕೆ ಕನಿಷ್ಠ ಎಷ್ಟು ಕಿ.ಮೀ., ಸಾಮಾನ್ಯವಾಗಿ 300 ಹಿಡಿಯುತ್ತಾರೆ. ದಿನ ಎಂದರೆ ರಾತ್ರಿ 12ರಿಂದ 12ರವರೆಗೋ, ಹೊರಟ ಹೊತ್ತಿನಿಂದ 24 ಗಂಟೆಯೋ. ಕಿ.ಮೀ. ಎಣಿಸುವುದು ನಿಮ್ಮ ಮನೆಯಿಂದಲೋ ಅವರ ಶೆಡ್ಡಿನಿಂದಲೋ. ಶುಕ್ರವಾರ ರಾತ್ರಿ 10ಕ್ಕೆ ಹೊರಟರೆ 12ರ ಲೆಕ್ಕದಲ್ಲಿ ಆ ಎರಡು ಗಂಟೆಗೇ ಒಂದು ದಿನದ ಬಾಡಿಗೆ, ಡ್ರೈವರ್ ಬಾಟಾ ಸೇರುತ್ತದೆ. ಡ್ರೈವರಿಗೆ ನಿದ್ದೆಯೂ ಇರುವುದಿಲ್ಲ. ಶನಿವಾರ ಬೆಳಗಿನ 5ಕ್ಕೆ ಹೊರಡಿ, ಬಿಡದಿಯ ತಟ್ಟೆ ಇಡ್ಲಿಗೆ ಎಕ್ಸ್‌ಪ್ರೆಸ್‌ವೇ ಬಿಟ್ಟು ಹಳೆ ರಸ್ತೆಗೆ ಇಳಿಯಬೇಕು ಅನ್ನುವುದು ನೆನಪಿರಲಿ. ಒಂದು ಕುಟುಂಬಕ್ಕೆ 15 ನಿಮಿಷ ಸಾಕಾಗುವ ಚಹಾ ನಿಲುಗಡೆ 20 ಜನಕ್ಕೆ 40 ನಿಮಿಷ ತಿನ್ನುತ್ತದೆ, ಹಾಗಾಗಿ ಕುಶಾಲನಗರದ ಮುಂಚೆ ಎರಡೇ ನಿಲುಗಡೆ. ವಾಂತಿ ಬರುವವರು ಘಟ್ಟ ಶುರುವಾಗುವ ಅರ್ಧ ಗಂಟೆ ಮೊದಲೇ ಮಾತ್ರೆ ತೆಗೆದುಕೊಳ್ಳಲಿ, ಹಿಂದಿನ ಸೀಟು ಬೇಡ.

ಮಠದಲ್ಲಿ ಎರಡು ಗಂಟೆಯಾದರೂ ಇರಿ. 1963ರಲ್ಲಿ ಟಿಬೆಟನ್ ಬೌದ್ಧ ಗುರು ಪೆನೋರ್ ರಿನ್‌ಪೋಚೆ ಶುರುಮಾಡಿದಾಗ ಇದ್ದದ್ದು ಬಿದಿರಿನ ಒಂದು ಚಿಕ್ಕ ಗುಡಿ. ಈಗಿನ ಚಿನ್ನದ ಮಂದಿರವನ್ನು ದಲೈಲಾಮಾ ಉದ್ಘಾಟಿಸಿದ್ದು 1999ರಲ್ಲಿ. ನಡುವೆ 60 ಅಡಿಯ ಶಾಕ್ಯಮುನಿ ಬುದ್ಧ, ಅಕ್ಕಪಕ್ಕದಲ್ಲಿ 58 ಅಡಿಯ ಪದ್ಮಸಂಭವ ಮತ್ತು ಅಮಿತಾಯು. ಮೂರೂ ತಾಮ್ರದ ಮೇಲೆ ಚಿನ್ನದ ಲೇಪ. ಎಲ್ಲರೂ ಕತ್ತೆತ್ತಿ ಇಷ್ಟನ್ನೇ ನೋಡಿ ಹೊರಡುತ್ತಾರೆ. ಕೆಳಗೂ ನೋಡಿ. ಸಾಲಾಗಿ ಹಾಸಿದ ತಗ್ಗು ಆಸನಗಳು, ಅವುಗಳ ಮುಂದೆ ಕಿರಿದಾದ ಮರದ ಮೇಜು, ಅದರ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟ ಉದ್ದುದ್ದ ಬಿಡಿಹಾಳೆಯ ಗ್ರಂಥ. ಪುಟ ಮಗುಚುವ ಬದಲು ಓದಿದ ಹಾಳೆಯನ್ನು ತೆಗೆದು ಪಕ್ಕಕ್ಕಿಡುತ್ತಾರೆ. ಆ ಆಸನಗಳನ್ನು ದಾಟಬೇಡಿ, ಮೇಲೆ ಕೂರಲೂಬೇಡಿ. ಚಪ್ಪಲಿ ಹೊರಗೆ, ಟೋಪಿ ಕೈಯಲ್ಲಿ, ಪ್ರದಕ್ಷಿಣೆ ನಮ್ಮ ದೇವಸ್ಥಾನದಂತೆಯೇ ಎಡದಿಂದ ಬಲಕ್ಕೆ, ಪ್ರಾರ್ಥನಾ ಚಕ್ರ ತಿರುಗಿಸುವುದೂ ಅದೇ ದಿಕ್ಕಿಗೆ. ಪ್ರಾರ್ಥನೆ ನಡೆಯುತ್ತಿದ್ದರೆ ಗೋಡೆ ಬದಿ ಸುಮ್ಮನೆ ಕುಳಿತುಬಿಡಿ. ಭಿಕ್ಷುಗಳ ಮುಖದ ಹತ್ತಿರ ಮೊಬೈಲ್ ಹಿಡಿಯುವವರನ್ನು ಗುಂಪಿನ ಹಿರಿಯರೇ ತಡೆಯಬೇಕು. ಇದು ಜನ ಬದುಕುವ, ಓದುವ ಜಾಗ.

ಊಟಕ್ಕೆ ಗುಂಪಿನವರು ಹೋಗಿ ಕೂತು ಆರ್ಡರ್ ಮಾಡುವುದೇ ತಪ್ಪು ವಿಧಾನ. ಟಿಬೆಟನ್ ಹೋಟೆಲುಗಳು ಚಿಕ್ಕವು. ಮೊಮೊ ಹಬೆಪಾತ್ರೆಯಲ್ಲಿ ತಟ್ಟೆ ತಟ್ಟೆಯಾಗಿ ಬೇಯುತ್ತದೆ, ತೆಂತುಕ್ ಎಂಬ ನೂಡಲ್ ಸಾರಿಗೆ ಹಿಟ್ಟನ್ನು ಕೈಯಲ್ಲೇ ಹರಿದು ಹಾಕಬೇಕು. 20 ಜನ 20 ಬಗೆ ಕೇಳಿದರೆ ಮೊದಲನೆಯವರು ಕೈ ತೊಳೆಯುವಾಗ ಕೊನೆಯವರಿಗೆ ಬಟ್ಟಲು ಬರುತ್ತದೆ. ಮಠಕ್ಕೆ ಹೋಗುವ ಮುಂಚೆಯೇ ಇಬ್ಬರು ಹೋಗಿ ಹೇಳಿಬನ್ನಿ: ವೆಜ್ ಮೊಮೊ ಇಷ್ಟು, ಚಿಕನ್ ಇಷ್ಟು, ತುಕ್ಪಾ (ನೂಡಲ್ ಸಾರು) ಇಷ್ಟು, ಹಂಚಿಕೊಳ್ಳಲು ಟಿಂಗ್ಮೊ (ಹಬೆಯಲ್ಲಿ ಬೇಯಿಸಿದ ಬನ್). ಸಸ್ಯಾಹಾರಿಗಳು 'ವೆಜ್ ತುಕ್ಪಾ' ಅಂದರೆ ಸಾಲದು, ಸಾರು ಮೂಳೆ ಬೇಯಿಸಿದ್ದೋ ತರಕಾರಿಯದೋ ಅಂತಲೂ ಕೇಳಬೇಕು. ಬೆಣ್ಣೆ ಚಹಾ ಉಪ್ಪಾಗಿರುತ್ತದೆ, ಮೊದಲು ಒಂದು ಕಪ್ ತರಿಸಿ ಹಂಚಿಕೊಳ್ಳಿ.

ಕೊಡವ ಊಟ ಶನಿವಾರ ರಾತ್ರಿಗಿರಲಿ, ಹಿಂದಿನ ದಿನವೇ ಫೋನ್ ಮಾಡಿ ಜನ ಎಷ್ಟು ಅಂತ ತಿಳಿಸಿ. ಪಂದಿಕರಿ, ಅಂದರೆ ಹಂದಿಮಾಂಸದ ಸಾರು, ಕಪ್ಪಗಿರಬೇಕು, ಆ ಕಪ್ಪು ಹುರಿದ ಮಸಾಲೆಯಿಂದಲೂ ಕಾಚಂಪುಳಿ ಎಂಬ ಕಪ್ಪು ಹುಳಿರಸದಿಂದಲೂ ಬಂದಿರಬೇಕು. ತಿಂದ ಮೇಲೆ ಹುಳಿ ನಾಲಿಗೆಯಲ್ಲಿ ನಿಲ್ಲುತ್ತದೆ. ಕೆಂಪು ಎಣ್ಣೆ ತೇಲುತ್ತಿದ್ದು ಟೊಮೆಟೊ ರುಚಿ ಬಂದರೆ ಅದು ಪ್ರವಾಸಿಗರಿಗೆ ಮಾಡಿದ್ದು. ಜೊತೆಗೆ ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಕೇಳಿ, ತಲೆಗೆ ಮೂರು ಸಾಕು. ಹಂದಿ ತಿನ್ನದವರಿಗೆ ನೂಪುಟ್ಟು (ಅಕ್ಕಿ ಶಾವಿಗೆ), ಕೋಳಿ ಸಾರು. ಸಸ್ಯಾಹಾರಿಗಳಿಗೆ ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ), ಅಣಬೆ ಸಾರು, ಮಳೆಗಾಲವಾದರೆ ಬೈಂಬಳೆ (ಕಳಲೆ) ಕರಿ.

ನಿಮ್ಮ ಗುಂಪಿನಲ್ಲಿ ವಿದೇಶಿ ಪಾಸ್‌ಪೋರ್ಟ್ ಇರುವವರು ಯಾರಾದರೂ ಇದ್ದರೆ ಅವರಿಗೆ ಬೈಲಕುಪ್ಪೆಯ ಟಿಬೆಟನ್ ವಸತಿಯಲ್ಲಿ ರಾತ್ರಿ ತಂಗಲು ಕೇಂದ್ರ ಗೃಹ ಇಲಾಖೆಯ ಪರವಾನಗಿ ಬೇಕು, ಅದು ಬರಲು ವಾರಗಳೇ ಹಿಡಿಯುತ್ತವೆ. ಮಠದ ಅತಿಥಿಗೃಹದಲ್ಲಿ ಉಳಿಯುವ ಯೋಚನೆ ಇದ್ದರೆ ಅವರಿಗೂ ಕುಶಾಲನಗರದಲ್ಲೇ ರೂಮ್ ಮಾಡಿಬಿಡಿ.