ಟೆಕ್ಸಸ್: ಮಸೂದೆ ಬಿದ್ದುಹೋದರೂ ಕೌಂಟಿ ಕ್ಲರ್ಕ್ ಶುಲ್ಕ ಬದಲಾದದ್ದು ಹೇಗೆ?

ಕೌಂಟಿಯ ದಾಖಲೆಗಳನ್ನು ನೋಂದಾಯಿಸುವ ಕ್ಲರ್ಕ್ ಕಚೇರಿಯಲ್ಲಿರುವ ನೀವು, ಶುಲ್ಕದ ಮಸೂದೆಗೆ ಅಲರ್ಟ್ ಇಟ್ಟಿದ್ದೆ, ಅದು ಬಿದ್ದುಹೋದರೂ ಶುಲ್ಕ ಬದಲಾಗಿದ್ದು ಹೇಗೆ ಎಂದು ಕೇಳಿದ್ದೀರಿ. ನೀವು ಅಲರ್ಟ್ ಇಟ್ಟಿದ್ದ ಹೌಸ್ (ಶಾಸಕಾಂಗದ ಕೆಳಮನೆ) ಮಸೂದೆ ಬಿದ್ದುಹೋದರೂ ಅದೇ ಪಠ್ಯ ಸೆನೆಟ್‌ನ (ಮೇಲ್ಮನೆಯ) ಜೋಡಿ ಮಸೂದೆಯಲ್ಲಿ ಪಾಸಾಗಿರಬಹುದು; ಇಲ್ಲವೇ ತಿದ್ದುಪಡಿಯಾಗಿ ಬೇರೊಂದು ಮಸೂದೆಗೆ ಸೇರಿಕೊಂಡಿರಬಹುದು. ಮಸೂದೆಯ ಸಂಖ್ಯೆ ನೋಡದೆ ಖಚಿತವಾಗಿ ಹೇಳಲಾರೆ.

ಶಾಸಕಾಂಗದ ಜಾಲತಾಣವಾದ ಟೆಕ್ಸಸ್ ಲೆಜಿಸ್ಲೇಚರ್ ಆನ್‌ಲೈನ್‌ನಲ್ಲಿ ಮೊದಲು ಜೋಡಿ ಮಸೂದೆಗಳನ್ನು ತೋರಿಸುವ ಕಂಪ್ಯಾನಿಯನ್ಸ್ ಟ್ಯಾಬ್ ನೋಡಿ. ಅಲ್ಲಿಲ್ಲದಿದ್ದರೆ ಮಸೂದೆಗಳ ಪಠ್ಯದಲ್ಲೇ ಲೋಕಲ್ ಗವರ್ನಮೆಂಟ್ ಕೋಡ್‌ನ 118ನೇ ಅಧ್ಯಾಯದ ಸೆಕ್ಷನ್ ಸಂಖ್ಯೆಯನ್ನು ಹುಡುಕಿ. ಕ್ಲರ್ಕ್ ಶುಲ್ಕಗಳಲ್ಲಿ ಹೆಚ್ಚಿನವು ಇರುವುದು ಅಲ್ಲೇ. ಕೌಂಟರಿನ ದರಪಟ್ಟಿ ತಿದ್ದುವಾಗ 'ಎನ್ರೋಲ್ಡ್' (ಎರಡೂ ಸದನ ಅಂಗೀಕರಿಸಿದ ಅಂತಿಮ) ಪ್ರತಿಯನ್ನೇ ನಂಬಿ. ಜಾರಿ ದಿನಾಂಕ ಸಾಮಾನ್ಯವಾಗಿ ಕೊನೆಯ ಸೆಕ್ಷನ್‌ನಲ್ಲಿರುತ್ತದೆ.

ಮುಂದಿನ ಸಲ ಮಸೂದೆ ಸಂಖ್ಯೆಯೊಂದನ್ನೇ ನೆಚ್ಚಬೇಡಿ, ಜೋಡಿಗೂ ಅಲರ್ಟ್ ಇಡಿ. ಬೆಸ ವರ್ಷದ 140 ದಿನಗಳ ಅಧಿವೇಶನದಲ್ಲಿ 60ನೇ ದಿನದ ನಂತರ ಸಾಮಾನ್ಯ ಮಸೂದೆ ಮಂಡಿಸುವುದು ಕಷ್ಟ. ಆಮೇಲಿನ ಆಟವೆಲ್ಲ ತಿದ್ದುಪಡಿಗಳದ್ದು. ಆಕ್ಷೇಪಣೆಯಿದ್ದರೆ ಸಮಿತಿಯ ವಿಚಾರಣೆಗೆ ಮುಂಚೆಯೇ ನಿಮ್ಮ ಕ್ಲರ್ಕ್ ಮೂಲಕ ಮಸೂದೆ ಮಂಡಿಸಿದ ಶಾಸಕರ ಕಚೇರಿಗೆ ಬರೆಯಿರಿ: ತಿಂಗಳಿಗೆ ಎಷ್ಟು ದಾಖಲೆ, ಸಾಫ್ಟ್‌ವೇರ್ ಬದಲಿಸಲು ಎಷ್ಟು ವಾರ, ಜೊತೆಗೆ ಬೇಕಾದ ಬದಲಿ ವಾಕ್ಯ.