ಸಾರ್ಕ್ ದ್ವೀಪದಲ್ಲಿ ಕಾರೇ ಇಲ್ವಾ?

ಪ್ರಶ್ನೆ: ಇಂಗ್ಲಿಷ್ ಚಾನೆಲ್‌ನಲ್ಲಿರೋ ಸಾರ್ಕ್ ಅನ್ನೋ ಪುಟ್ಟ ದ್ವೀಪದಲ್ಲಿ ಕಾರುಗಳೇ ಇಲ್ವಂತೆ, ನಿಜಾನಾ ಸಾರ್? ಅಲ್ಲಿ ನೋಡೋಕೆ ಏನಿದೆ?

ಉತ್ತರ: ನಿಜಾನೇ. ಪಕ್ಕದ ಗರ್ನ್ಸಿ ದ್ವೀಪದಿಂದ ಬೋಟಲ್ಲಿ ಹೋಗ್ಬೇಕು, ಇಳಿದ್ಮೇಲೆ ಟ್ರ್ಯಾಕ್ಟರ್, ಕುದುರೆ ಗಾಡಿ, ಸೈಕಲ್ ಅಷ್ಟೇ, ಇಲ್ಲಾಂದ್ರೆ ನಡ್ಕೊಂಡು ಹೋಗೋದು. ಇಡೀ ದ್ವೀಪ ಸುಮಾರು ಐದೂವರೆ ಚದರ ಕಿಲೋಮೀಟರ್, ಒಂದೇ ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ವಲಯ), ಅದರ ಸೇಂಟ್ ಪೀಟರ್ಸ್ ಚರ್ಚ್ 1820ರದ್ದು. 1856ರಲ್ಲಿ ಕಟ್ಟಿದ ಎರಡೇ ಕೋಣೆಯ ಪುಟಾಣಿ ಜೈಲೂ ಇದೆ.

ಆದ್ರೆ ನನ್ನ ಕೇಳಿದ್ರೆ ಮೊದ್ಲು ನೋಡ್ಬೇಕಾದ್ದು ಲಾ ಕೂಪೆ. ದ್ವೀಪದ ಎರಡು ಭಾಗಗಳಾದ ದೊಡ್ಡ ಸಾರ್ಕ್‌ಗೂ ಲಿಟಲ್ ಸಾರ್ಕ್‌ಗೂ ನಡುವೆ ಬರೀ ಮೂರು ಮೀಟರ್ ಅಗಲದ ಬಂಡೆಯ ಏಣು, ಎರಡೂ ಕಡೆ ಸುಮಾರು 80 ಮೀಟರ್ ಪ್ರಪಾತ, ಕೆಳಗೆ ಸಮುದ್ರ! 1900ರ ತನಕ ಕಂಬಿನೂ ಇರ್ಲಿಲ್ಲ, ಗಾಳಿ ಜೋರಾದಾಗ ಸ್ಕೂಲಿಗೆ ಹೋಗೋ ಮಕ್ಕಳು ಅಂಬೆಗಾಲಿಟ್ಟು ದಾಟ್ತಿದ್ರಂತೆ, ನೆನೆಸ್ಕೊಂಡ್ರೇ ಎದೆ ಝಲ್ ಅನ್ನುತ್ತೆ. ಈಗಿರೋ ಕಾಂಕ್ರೀಟ್ ದಾರಿ 1945ರಲ್ಲಿ ಜರ್ಮನ್ ಯುದ್ಧಕೈದಿಗಳು ಹಾಕಿದ್ದು.

ಒಂದು ರಾತ್ರಿನಾದ್ರೂ ಉಳ್ಕೊಳ್ಳಿ. ಬೀದಿದೀಪಾನೇ ಇಲ್ಲ, 2011ರಲ್ಲಿ ಜಗತ್ತಿನ ಮೊದಲ 'ಡಾರ್ಕ್ ಸ್ಕೈ' (ದೀಪದ ಬೆಳಕಿನ ಕಾಟವಿಲ್ಲದ ಕತ್ತಲ ಆಕಾಶದ) ದ್ವೀಪ ಅಂತ ಮಾನ್ಯತೆ ಸಿಕ್ಕಿದ ಜಾಗ ಅದು, ಟಾರ್ಚ್ ಮರೀಬೇಡಿ.